546372891: ಒಂದು ಪಾಠಪರಿಷ್ಕರಣ ಪ್ರಬಂಧ

ಕೃತಿ: 546372891. ಗಾತ್ರ: ಒಂಬತ್ತು ಅಂಕ. ಕಾಲ: ಕ್ರಿ.ಶ. 1977. ದೊರೆತ ಸ್ಥಳ: ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ. ಕರ್ತೃ, ಕಾಲ, ದೇಶ ಮೂರರಲ್ಲೂ ತಕರಾರಿಲ್ಲದ ಇಂಥ ಕೃತಿ ಕನ್ನಡ ವಿದ್ವಾಂಸರ ಕೈಗೆ ಸಿಗುವುದು ಅಪರೂಪ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 201 ಅಂಕಗಳ ಸಂಖ್ಯೆಯೊಂದರ 23ನೇ ಮೂಲವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ 50 ಸೆಕೆಂಡಿನಲ್ಲಿ ಹೇಳಿದರು. ಆ ಉತ್ತರವೇ ಇದು. ಯುನಿವ್ಯಾಕ್ ಕಂಪ್ಯೂಟರಿಗೆ 62 ಸೆಕೆಂಡು ಬೇಕಾಯಿತು. ವೇಗದ ವಿಚಾರ ಪತ್ರಿಕೆಯವರಿಗಿರಲಿ. ಪ್ರಬಂಧಕಾರರ ಚಿಂತೆ ಪಾಠಶುದ್ಧಿಯದು.

ಮೊದಲು ಬಾಹ್ಯಲಕ್ಷಣ. 1ರಿಂದ 9ರವರೆಗಿನ ಎಲ್ಲ ಅಂಕಗಳೂ ಇಲ್ಲಿ ಒಂದೊಂದೇ ಸಲ ಬಂದಿವೆ; ಸೊನ್ನೆಗೆ ಪ್ರವೇಶವಿಲ್ಲ. ನಡುವಿನ 5ರಿಂದ ಹೊರಟು ಕೆಳಗೊಂದು, ಮೇಲೊಂದು ಎಂದು ಸಾಗುತ್ತದೆ ನಡೆ: 5, 4, 6, 3, 7, 2, 8. ಇನ್ನು 1, ಆಮೇಲೆ 9 ಬಂದರೆ ಬಂಧ ಪೂರ್ಣ. ಬಂದಿರುವುದು 9, 1!

ಯತಿಭಂಗ.

ಗ್ರಂಥಸಂಪಾದನೆಯಲ್ಲಿ ಇಂಥ ಕಡೆ ಮೊದಲು ಬೈಸಿಕೊಳ್ಳುವವನು ಲಿಪಿಕಾರ. ಅವನ ಕೈ ತಪ್ಪಿತೆಂದು ತೀರ್ಮಾನಿಸಿ, 546372819 ಎಂಬ ‘ಶುದ್ಧಪಾಠ’ವನ್ನು ಅಚ್ಚುಹಾಕಿ, ಮುನ್ನುಡಿಯಲ್ಲಿ ಹಿಂದಿನ ಸಂಪಾದಕರನ್ನು ನಯವಾಗಿ ಜರೆದರೆ ಕೆಲಸ ಮುಗಿಯುತ್ತಿತ್ತು. ಗಣಿತ ಬಿಡಲಿಲ್ಲ.

ಮೂಲ ಪ್ರಶ್ನೆಯಾಗಿದ್ದ 201 ಅಂಕಗಳ ಸಂಖ್ಯೆ 71ರಲ್ಲಿ ಕೊನೆಯಾಗುತ್ತದೆ. ಬಿಡಿಸ್ಥಾನದ ಮಟ್ಟಿಗೆ 23ನೇ ಘಾತದ ನಡವಳಿಕೆ ಥೇಟ್ ಘನದ್ದೇ: 2 ಇದ್ದರೆ 8, 3 ಇದ್ದರೆ 7, 1 ಇದ್ದರೆ 1. ಆದ್ದರಿಂದ ಮೂಲದ ಬಿಡಿ ಅಂಕ 1 ಆಗದೆ ವಿಧಿಯಿಲ್ಲ. ಬಿಡಿ 1 ಆದಾಗ ಹತ್ತರ ಸ್ಥಾನವೂ ಸುಲಭ: 23ರಿಂದ ಗುಣಿಸಿದರೆ ಕೊನೆಗೆ 7 ಬರುವ ಅಂಕ ಬೇಕು. 23 × 9 = 207. ಹಾಗಾಗಿ 91. ಶುದ್ಧಪಾಠದವರ 19 ಸರಿಯಾಗಿದ್ದರೆ ಘಾತ 59ರಲ್ಲಿ ಮುಗಿಯಬೇಕಿತ್ತು. ಲಿಪಿಕಾರ ನಿರ್ದೋಷಿ.

ಅಂತರಂಗ ಸಾಕ್ಷ್ಯವೂ ಇದೆ. ಅಂಕಗಳ ಮೊತ್ತ 45 ಆದ್ದರಿಂದ 9ರಿಂದ ನಿಶ್ಶೇಷವಾಗಿ ಭಾಗವಾಗುವುದೇನೂ ಹೆಗ್ಗಳಿಕೆಯಲ್ಲ. ಈ ಒಂಬತ್ತು ಅಂಕಗಳನ್ನು ಹೊಂದಿಸುವ 3,62,880 ಬಗೆಗಳಿಗೂ ಆ ಯೋಗ್ಯತೆ ಉಂಟು. ಆದರೆ ಪ್ರಾಪ್ತಪಾಠ 27ರಿಂದಲೂ ಭಾಗವಾಗುತ್ತದೆ, ಭಾಗಲಬ್ಧ 20236033. ತಿದ್ದಿದ ಪಾಠಕ್ಕೆ ಆ ಭಾಗ್ಯವಿಲ್ಲ: ಎರಡರ ನಡುವಿನ ಅಂತರ 72, ಅದು 27ರಿಂದ ಭಾಗವಾಗದು.

27 ಎಂದೊಡನೆ ಕೆಲವರ ಕಿವಿ ನಿಮಿರುವುದು ಸಹಜ. ನಕ್ಷತ್ರಗಳು 27. ಅಕ್ಷರಗಳ ಬದಲು ಅಂಕಗಳಲ್ಲೇ ಇರುವ ಸಿರಿಭೂವಲಯದ ಚಕ್ರಗಳಲ್ಲಿ ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳು. ಇಷ್ಟು ಸಿಕ್ಕರೆ ಒಂದು ಪಿಎಚ್‌.ಡಿ. ಪ್ರಬಂಧಕ್ಕೆ ಧಾರಾಳ ಸಾಕು. ಈ ಕಿರುಪ್ರಬಂಧ ಮಾತ್ರ ಆ ದಿಕ್ಕಿಗೆ ತಲೆಯಿಟ್ಟೂ ಮಲಗದು.

ನಿರ್ಣಯ: ಪಾಠ ಯಥಾಪ್ರಕಾರ ಉಳಿಯತಕ್ಕದ್ದು. ಒಪ್ಪದ ವಾಚಕರು 546372891ನ್ನು ಅದರಿಂದಲೇ 22 ಸಲ ಗುಣಿಸಿ ತಾಳೆ ನೋಡಬಹುದು. ಹಾಳೆ ಮಾತ್ರ ಉದ್ದನೆಯದು ತೆಗೆದುಕೊಳ್ಳಿ.