ಹೋಂಸ್ಟೇ ಹೆಗಡೇರು

ಶಿರಸಿ, ಸಿದ್ದಾಪುರದ ಕಡೆ ಯಾವ ಅಡಿಕೆ ತೋಟದ ದಾರಿ ಹಿಡಿದರೂ ಒಬ್ಬರಾದರೂ ಹೋಂಸ್ಟೇ ಹೆಗಡೇರು ಸಿಕ್ಕೇ ಸಿಗುತ್ತಾರೆ. ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಟವೆಲು, ಬಾಯಲ್ಲಿ ಕವಳ. ಕವಳ ಚೆಲ್ಲಬಾರದಲ್ಲ, ಹಾಗಾಗಿ ಸ್ವಾಗತದ ಮಾತನ್ನೆಲ್ಲ ಮುಖ ಆಕಾಶಕ್ಕೆತ್ತಿಯೇ ಆಡುತ್ತಾರೆ.

ಈ ವ್ಯವಹಾರ ಶುರು ಮಾಡಿದ್ದು ಬೆಂಗಳೂರಿನ ಮಗ. ಮೆತ್ತಿಯ ಮೇಲಿನ ಎರಡು ಕೋಣೆಗೆ ಕಮೋಡು ಹಾಕಿಸಿ, ಫೋಟೋ ಹೊಡೆದು, ದರವನ್ನೂ ಗೊತ್ತುಮಾಡಿ ವಾಪಸ್ ಹೋದ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಂತೆ ಇಂಥ ಮನೆಯಲ್ಲಿ 6ಕ್ಕಿಂತ ಹೆಚ್ಚು ಕೋಣೆ ಬಾಡಿಗೆಗೆ ಕೊಡುವಂತಿಲ್ಲ, ಮನೆಯವರೂ ಅಲ್ಲೇ ವಾಸವಿರಬೇಕು. ಈ ಎರಡನೆಯ ಷರತ್ತನ್ನು ಹೆಗಡೇರು ಶಿರಸಾವಹಿಸಿ ಪಾಲಿಸುತ್ತಾರೆ. ಅವರ ವಾಸ ಅತಿಥಿಯ ಮಗ್ಗುಲಲ್ಲೇ.

"ಆಸರಿಗೆ ಎಂತ ಕೊಡ್ಲಿ? ಮಜ್ಜಿಗೆಯಾ, ಕಷಾಯವಾ?" ಎಂದು ಮೊದಲ ಪ್ರಶ್ನೆ. ಲೋಟ ಕೆಳಗಿಡುವ ಮೊದಲೇ ಎರಡನೆಯದು: "ಮೂಲ ಎಲ್ಲಾಯ್ತು?" ಮಂಡ್ಯ ಎಂದರೆ ಒಂದು ಗಳಿಗೆ ತಡವರಿಸುತ್ತಾರೆ. ಆಮೇಲೆ ಭಾವನ ಷಡ್ಕ ಒಬ್ಬ ಆ ಕಡೆ ಬ್ಯಾಂಕಿನಲ್ಲಿದ್ದದ್ದು ನೆನಪಾಗುತ್ತದೆ. "ಹಾಗಿದ್ರೆ ನೀವು ನಮ್ಮವರೇ ಆದ್ರಿ!"

ನಮ್ಮವರಾದ ಮೇಲೆ ಊಟದಲ್ಲಿ ರಿಯಾಯಿತಿ ಇಲ್ಲ. ಬಾಳೆಲೆಗೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ತೊಡದೇವು ಒಂದರ ಹಿಂದೊಂದು ಬಂದು ಬೀಳುತ್ತವೆ. "ಸಾವಕಾಶ ಆಗ್ಲಿ" ಎನ್ನುತ್ತಲೇ ಇರುತ್ತಾರೆ, ಬಡಿಸುವುದು ಮಾತ್ರ ಅವಸರದಲ್ಲಿ. ಚೆನ್ನಾಗಿದೆ ಎಂದರೆ ಮೆಚ್ಚಿದಿರೆಂದು ಬಡಿಸುತ್ತಾರೆ. ಸಾಕು ಎಂದರೆ ಸಂಕೋಚವೆಂದು ಬಡಿಸುತ್ತಾರೆ. ಅಪ್ಪೆಹುಳಿ ಎರಡು ಲೋಟ ಇಳಿದ ಮೇಲೆ ಕಣ್ಣು ತಾನಾಗಿ ಮುಚ್ಚುತ್ತದೆ. ಉಂಚಳ್ಳಿ ಜಲಪಾತಕ್ಕೆ ಹೊರಟಿದ್ದೆವು ಎಂದು ತೊದಲಿದರೆ ಹೆಗಡೇರು ಚಾಪೆ ಬಿಡಿಸುತ್ತಾರೆ. "116 ಮೀಟರ್ ಮೇಲಿಂದ ಬೀಳೋ ನೀರು. ನೀವು ಎದ್ದ ಮೇಲೂ ಬೀಳ್ತಾ ಇರ್ತದೆ. ಮಲಗಿ."

ಎದ್ದರೆ ಜಲಪಾತದ ಬದಲು ತೋಟ. ಅಲ್ಲಿ ಕೊಳೆರೋಗದ ಕಥೆ, ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಗದ ಕಥೆ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವ ಪಾಠ. ಅತಿಥಿ ಕಾಲಿಗೆ ಹತ್ತಿದ ಉಂಬಳ ಕಂಡು ಕುಣಿದಾಡಿದರೆ ಹೆಗಡೇರಿಗೆ ಬೇಸರ. "ಇರ್ಲಿ ಬಿಡಿ, ಹೊಟ್ಟೆ ತುಂಬಿದ್ರೆ ಅದೇ ಬೀಳ್ತದೆ." ಪಂಕ್ತಿಯಿಂದ ಅರ್ಧಕ್ಕೆ ಎಬ್ಬಿಸುವ ಪದ್ಧತಿ ಅವರಲ್ಲಿ ಉಂಬಳಕ್ಕೂ ಇಲ್ಲ.

ಅಡಿಕೆ ಟೆಂಡರಿನಲ್ಲಿ ಕ್ವಿಂಟಲಿಗೆ ಹತ್ತು ರೂಪಾಯಿ ಕಡಿಮೆಯಾದರೂ ಮೂಟೆ ಬಿಡದ ಈ ಮನುಷ್ಯ, ಹೊರಡುವ ಹೊತ್ತಿಗೆ "ಎಷ್ಟಾಯ್ತು?" ಎಂದು ಕೇಳಿದರೆ ಕಳ್ಳನ ಹಾಗೆ ಕೊಟ್ಟಿಗೆಯತ್ತ ಸರಿಯುತ್ತಾರೆ. "ಎಂತದು ಮಾರಾಯ್ರೇ, ಮಗನ ಹತ್ರ ಮಾತಾಡಿ." ಮಗ ಮೀಟಿಂಗಿನಲ್ಲಿರುತ್ತಾನೆ. ಕೊನೆಗೆ ದಾರಿ ತೋರಿಸುವವರು ಹೆಗಡ್ತೇರು. ಕ್ಯೂಆರ್ ಕೋಡ್ ಅಡುಗೆಮನೆ ಬಾಗಿಲ ಹಿಂದೆ, ಹೊರಗಿನವರ ಕಣ್ಣಿಗೆ ಬೀಳದಂತೆ ಅಂಟಿಸಿದೆ. ಹಣ ಸಂದಾಯವಾದ ಸದ್ದು ಕೇಳಿದ ಮೇಲೆ ಹೆಗಡೇರು ಹಲಸಿನ ಹಪ್ಪಳದ ಕಟ್ಟು, ಮಿಡಿ ಉಪ್ಪಿನಕಾಯಿ, ಒಂದು ಗೊನೆ ಬಾಳೆಹಣ್ಣು ಹಿಡಿದು ಪ್ರತ್ಯಕ್ಷರಾಗುತ್ತಾರೆ. ಇದಕ್ಕೆಲ್ಲ ದರ ಕೇಳಿದಿರೋ, ಭಾವನ ಷಡ್ಕನಿಗೇ ಅವಮಾನ ಮಾಡಿದಂತೆ.

ಏಕಾಂತ ಬೇಕೆನ್ನುವವರಿಗೆ ರೆಸಾರ್ಟುಗಳಿವೆ. ಹೆಗಡೇರ ಮನೆಗೆ ಹೋಗುವವರು ಜಲಪಾತಕ್ಕೆಂದು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಡಿಕ್ಕಿ ಖಾಲಿ ಬಿಡಿ, ಹಣವನ್ನು ಮಾತ್ರ ಹೆಗಡ್ತೇರಿಗೇ ಸಲ್ಲಿಸಿ. ಹೆಗಡೇರ ಕೈಗೆ ಕೊಟ್ಟರೆ ದಾರಿ ಖರ್ಚಿಗಿರಲಿ ಎಂದು ಅದನ್ನೇ ನಿಮ್ಮ ಜೇಬಿಗೆ ತುರುಕಿಯಾರು.