ಅರೆಬಾಯಿಯವರ ಪರವಾಗಿ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಗಾದೆ ಕಟ್ಟಿದವರು ಲೋಕವನ್ನು ಎರಡೇ ಪಂಗಡವಾಗಿ ಸೀಳಿ ಕೈತೊಳೆದುಕೊಂಡರು. ಬಾಯಲ್ಲಿ ಒಂಬತ್ತು ಹಲ್ಲು, ಡಬ್ಬಿಯಲ್ಲಿ ಅರ್ಧ ಪಾವು ಕಡಲೆ ಇಟ್ಟುಕೊಂಡು ಬದುಕುವವರು ಅವರ ಕಣ್ಣಿಗೆ ಬೀಳಲೇ ಇಲ್ಲ. ಈಗಲೂ ಪರಿಸ್ಥಿತಿ ಅಷ್ಟೇನೂ ಸುಧಾರಿಸಿಲ್ಲ. ದಂತ ಚಿಕಿತ್ಸಾಲಯದ ಫಲಕದ ಮೇಲೆ ನಗುವವರು ಮೂವತ್ತೆರಡನ್ನೂ ತೋರಿಸುತ್ತಾರೆ. ಪೂರ್ತಿ ಬೊಚ್ಚುಬಾಯಿಯ ಅಜ್ಜನಿಗೆ ನಾಟಕದಲ್ಲೂ ವ್ಯಂಗ್ಯಚಿತ್ರದಲ್ಲೂ ಕಾಯಂ ಪಾತ್ರವಿದೆ. ನಡುವಿನವರ ಪಾಲಿಗೆ ಉಳಿದದ್ದು ತೆಗೆದು ಹಾಕುವ ಅರೆಸೆಟ್ಟು: ಉಳಿದ ಹಲ್ಲುಗಳಿಗೆ ಕೊಕ್ಕೆ ಹಾಕಿ ನಿಲ್ಲುವ, ರಾತ್ರಿ ಬಿಚ್ಚಿ ನೀರಿನ ಬಟ್ಟಲಿನಲ್ಲಿಡುವ ಕಟ್ಟಿಸಿದ ಹಲ್ಲು. ಅದನ್ನು ಬಡವರ ಚಿಕಿತ್ಸೆ, ಇಂಪ್ಲಾಂಟಿಗೆ ದುಡ್ಡು ಹೊಂದುವ ತನಕದ ಏರ್ಪಾಡು ಎಂದು ನೋಡುವುದೇ ರೂಢಿ. ನನ್ನ ವಾದ ಇದಕ್ಕೆ ತದ್ವಿರುದ್ಧ. ಹಲ್ಲಿನ ಕೆಲಸಗಳಲ್ಲೆಲ್ಲ ಅತಿ ಹೆಚ್ಚು ಯೋಚನೆ ಬೇಡುವುದು ಈ ಅರೆಸೆಟ್ಟು. ಆ ಯೋಚನೆಯನ್ನು ಯಾರೂ ಮಾಡದೆ ಬಿಟ್ಟದ್ದರಿಂದಲೇ ಅದಕ್ಕೆ ಕೆಟ್ಟ ಹೆಸರು ಬಂದಿದೆ.

ಲೆಕ್ಕದಿಂದಲೇ ಶುರುಮಾಡೋಣ. ಒಂದು ದವಡೆಯಲ್ಲಿ 16 ಹಲ್ಲು. ಪ್ರತಿಯೊಂದೂ ಇರಬಹುದು, ಇಲ್ಲದಿರಬಹುದು. ಎಲ್ಲವೂ ಇರುವ ಸ್ಥಿತಿ, ಒಂದೂ ಇಲ್ಲದ ಸ್ಥಿತಿ ಎರಡನ್ನೂ ಕಳೆದರೆ ಒಂದು ದವಡೆಗೇ 65,534 ಬಗೆಯ ಅರೆಬಾಯಿಗಳು ಸಾಧ್ಯ. ಮೇಲಿನದನ್ನೂ ಕೆಳಗಿನದನ್ನೂ ಗುಣಿಸಿದರೆ ಸಂಖ್ಯೆ ನಾನೂರು ಕೋಟಿ ದಾಟುತ್ತದೆ. ಅಮೆರಿಕದ ದಂತವೈದ್ಯ ಎಡ್ವರ್ಡ್ ಕೆನಡಿ 1925ರಲ್ಲಿ ಈ ಗೊಂದಲವನ್ನೆಲ್ಲ ನಾಲ್ಕೇ ವರ್ಗಗಳಿಗೆ ಇಳಿಸಿದರು. (ಎಲ್ಲವನ್ನೂ ನಾಲ್ಕು ವರ್ಗಕ್ಕೆ ತುರುಕುವ ಚಪಲ ನಮ್ಮ ದೇಶದ್ದು ಮಾತ್ರವಲ್ಲ ಎಂದು ಸಮಾಧಾನಪಡಬಹುದು.) ಮೊದಲನೆಯ ವರ್ಗವೇ ಅತಿ ತಂಟೆಯದು: ಎರಡೂ ಬದಿಯ ಹಿಂದಿನ ದವಡೆಹಲ್ಲುಗಳು ಹೋಗಿ ಮುಂದಿನವು ಮಾತ್ರ ಉಳಿದ ಬಾಯಿ. ಇಲ್ಲಿ ಸೆಟ್ಟಿನ ಮುಂಭಾಗ ಗಟ್ಟಿ ಹಲ್ಲಿನ ಮೇಲೆ, ಹಿಂಭಾಗ ಮೆತ್ತನೆಯ ವಸಡಿನ ಮೇಲೆ. ಬೆಂಚಿನ ಎರಡು ಕಾಲನ್ನು ಕಲ್ಲಿನ ಜಗಲಿಯ ಮೇಲೂ ಇನ್ನೆರಡನ್ನು ಹತ್ತಿ ಹಾಸಿಗೆಯ ಮೇಲೂ ಇಟ್ಟು ಕೂತ ಹಾಗೆ. ಪ್ರತಿ ತುತ್ತಿಗೂ ಹಿಂದುಗಡೆ ಕುಸಿಯುತ್ತದೆ, ಕೊಕ್ಕೆಗೆ ಸಿಕ್ಕಿದ ಹಲ್ಲು ಅಲುಗುತ್ತದೆ. ಇದನ್ನು ಮೊದಲೇ ಊಹಿಸಿ, ಉಳಿದ ಹಲ್ಲಿನ ನೆತ್ತಿಯಲ್ಲಿ ಸಣ್ಣ ಕುಳಿ ಕೊರೆದು, ಭಾರ ಅಲ್ಲಿ ಇಳಿಯುವಂತೆ ಲೋಹದ ಚಾಚು ಕೂರಿಸಬೇಕು. ಅಚ್ಚನ್ನು ಸರ್ವೇಯರ್ ಎಂಬ ಉಪಕರಣದ ಮೇಲಿಟ್ಟು ಓರೆಮಾಡಿ, ತಿರುಗಿಸಿ, ಸೆಟ್ಟು ಯಾವ ದಾರಿಯಲ್ಲಿ ಇಳಿಯಬೇಕು, ಯಾವ ಹಲ್ಲಿನ ಉಬ್ಬಿನ ಕೆಳಗೆ ಕೊಕ್ಕೆಯ ತುದಿ ಅಡಗಬೇಕು ಎಂದು ಗೆರೆ ಹಾಕಬೇಕು. ಕೋಬಾಲ್ಟ್-ಕ್ರೋಮಿಯಂ ಕೊಕ್ಕೆಯ ತುದಿ ಸಾಮಾನ್ಯವಾಗಿ ಅಡಗಬೇಕಾದ ಆಳ 0.25 ಮಿಲಿಮೀಟರ್. ಕಡಿಮೆಯಾದರೆ ಮದುವೆ ಊಟದ ಪಂಕ್ತಿಯಲ್ಲಿ ಸೆಟ್ಟು ಕೋಸಂಬರಿಯ ಪಕ್ಕಕ್ಕೆ ಬಂದು ಕೂರುತ್ತದೆ. ಹೆಚ್ಚಾದರೆ ಹಾಕಿದ್ದನ್ನು ಬಿಚ್ಚಲು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತದೆ. ನಮ್ಮ ಹೊಲಗಳ ಸರ್ವೆ ಇಷ್ಟು ನಿಖರವಾಗಿ ನಡೆದಿದ್ದರೆ ತಾಲ್ಲೂಕು ಕೋರ್ಟುಗಳಿಗೆ ಕೆಲಸವಿರುತ್ತಿರಲಿಲ್ಲ.

ಇಷ್ಟೆಲ್ಲ ರಗಳೆ ಯಾಕೆ, ಉಳಿದ ನಾಲ್ಕನ್ನೂ ಕೀಳಿಸಿ ಪೂರ್ತಿ ಸೆಟ್ಟೇ ಕಟ್ಟಿಸಿದರಾಯಿತಲ್ಲ ಎನ್ನುವವರಿದ್ದಾರೆ. ಈ ಸಲಹೆ ಕೊಡುವವರು ಬಹುಮಟ್ಟಿಗೆ ಸ್ವಂತ ಹಲ್ಲು ಗಟ್ಟಿಯಿರುವವರು. ಹಲ್ಲು ಕಿತ್ತ ಕಡೆ ಮೂಳೆ ಕರಗುತ್ತ ಹೋಗುತ್ತದೆ, ಕೆಳದವಡೆಯಲ್ಲಂತೂ ಇನ್ನೂ ಹೆಚ್ಚು. ಮೇಲಿನ ಪೂರ್ತಿ ಸೆಟ್ಟಿಗೆ ಅಂಗುಳಿನ ಆಸರೆಯಾದರೂ ಇದೆ. ಕೆಳಗಿನದಕ್ಕೆ ನಾಲಿಗೆಯ ಕೃಪೆಯೇ ಗತಿ, ನಾಲಿಗೆಯೋ ಸುಮ್ಮನಿರುವ ಜಾತಿಯದಲ್ಲ. ಹಲ್ಲಿನ ಬೇರನ್ನು ಸುತ್ತಿದ ತೆಳು ನಾರಿನ ಪೊರೆಗೆ ಸ್ಪರ್ಶಜ್ಞಾನವೂ ಇದೆ. ಅನ್ನದಲ್ಲಿ ಸಿಕ್ಕ ಸಣ್ಣ ಕಲ್ಲನ್ನು ಮೆದುಳಿಗೆ ವರದಿ ಮಾಡುವವರಲ್ಲಿ ಅದು ಪ್ರಮುಖ. ಎರಡೇ ಕೋರೆಹಲ್ಲು ಉಳಿದರೂ ಮೂಳೆ, ಹಿಡಿತ, ಗುಪ್ತಚರ ಇಲಾಖೆ ಮೂರೂ ಅಷ್ಟರಮಟ್ಟಿಗೆ ಉಳಿಯುತ್ತವೆ. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದಾಗ ಅವರ ಬಾಯಲ್ಲಿದ್ದ ಸ್ವಂತ ಹಲ್ಲು ಒಂದೇ ಒಂದು. ಅವರದು ಮರದ ಹಲ್ಲು ಎಂಬುದು ಕಟ್ಟುಕಥೆ. ದಂತವೈದ್ಯ ಜಾನ್ ಗ್ರೀನ್‌ವುಡ್ ನೀರಾನೆಯ ದಂತದಲ್ಲಿ ಸೆಟ್ಟು ಕೆತ್ತಿ, ಆ ಒಂಟಿ ಹಲ್ಲಿಗೆಂದೇ ಒಂದು ತೂತು ಬಿಟ್ಟರು. ಕಿತ್ತೆಸೆದಿದ್ದರೆ ಅವರ ಕೆಲಸ ಎಷ್ಟೋ ಹಗುರವಾಗುತ್ತಿತ್ತು. ಕಡೆಗೆ ಆ ಹಲ್ಲೂ ಹೋದಾಗ ಗ್ರೀನ್‌ವುಡ್ ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು ತಮ್ಮ ಗಡಿಯಾರದ ಸರಪಳಿಗೆ ತೂಗಿಸಿಕೊಂಡರು. ಒಂದು ಹಲ್ಲು ಇದಕ್ಕಿಂತ ದೊಡ್ಡ ಮರ್ಯಾದೆ ಬಯಸಿದರೆ ಅದು ದುರಾಸೆ.

ಇಂಪ್ಲಾಂಟ್ ಬಂದ ಮೇಲೆ ಕೊಕ್ಕೆಯ ಕಾಲ ಮುಗಿಯಿತು ಎಂಬುದು ಇನ್ನಷ್ಟು ತೂಕದ ಆಕ್ಷೇಪ. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಟೈಟಾನಿಯಂ ತಿರುಪನ್ನು ಮನುಷ್ಯನ ದವಡೆಗೆ ಕೂರಿಸಿದ್ದು ದೊಡ್ಡ ಸಾಧನೆಯೇ. ಮೂಳೆ, ಆರೋಗ್ಯ, ಕಾಸು ಮೂರೂ ಇದ್ದವರು ಧಾರಾಳವಾಗಿ ಹಾಕಿಸಿಕೊಳ್ಳಲಿ. ಆದರೆ ತೊಡಕಿನ ಬಾಯಿಗಳು ಬರುವುದೇ ಈ ಮೂರರಲ್ಲಿ ಒಂದನ್ನಾದರೂ ಮನೆಯಲ್ಲಿ ಬಿಟ್ಟು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಕ್ಯಾನ್ಸರಿಗೆ ವಿಕಿರಣ ಕೊಟ್ಟ ದವಡೆ, ಮೂಳೆ ಸವೆತಕ್ಕೆಂದು ವರ್ಷಗಟ್ಟಲೆ ಔಷಧಿ ತೆಗೆದುಕೊಂಡ ಅಜ್ಜಿ: ಇಲ್ಲೆಲ್ಲ ಮೂಳೆ ಕೊರೆಯುವ ಮುನ್ನ ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಕರ್ನಾಟಕದ ಸ್ವಂತ ಕೊಡುಗೆಯೂ ಒಂದಿದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾವು ಬೆಳೆದು ಸುಮ್ಮನಿರುವುದಿಲ್ಲ, ಅಗಿಯುತ್ತೇವೆ. ಅಡಿಕೆ, ಗುಟ್ಕಾ ಅಗಿದು ಕೆನ್ನೆಯ ಒಳಪೊರೆ ನಾರುಗಟ್ಟಿದವರಲ್ಲಿ ಬಾಯಿ ಎರಡು ಬೆರಳೂ ತೂರದಷ್ಟು ಬಿಗಿಯುವುದುಂಟು. ಅಲ್ಲಿ ಮಾಮೂಲಿ ಅಳತೆ ಟ್ರೇ ಒಳಗೇ ಹೋಗುವುದಿಲ್ಲ. ಟ್ರೇಯನ್ನು ಎರಡು ತುಂಡು ಮಾಡಿ, ಎಡಬಲಗಳ ಅಚ್ಚು ಬೇರೆ ಬೇರೆ ತೆಗೆದು ಹೊರಗೆ ಜೋಡಿಸಬೇಕು. ಸೆಟ್ಟನ್ನೂ ಎರಡು ಭಾಗ ಮಾಡಿ ಬಾಯೊಳಗೇ ಕೂಡಿಸುವಂತೆ ರಚಿಸುವುದುಂಟು. ಡ್ರಿಲ್ಲಿನ ತಲೆಯೇ ಹಿಡಿಸದ ಈ ಬಾಯಲ್ಲಿ ಹಿಂದಿನ ಹಲ್ಲಿಗೆ ಇಂಪ್ಲಾಂಟ್ ಕೂರಿಸುವುದು ಎಷ್ಟು ದುಡ್ಡಿದ್ದರೂ ಕಷ್ಟ. ಇನ್ನು ಅಗ್ಗವೆಂಬ ಮೂದಲಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಿ ರಬ್ಬರು ಬಂದು ಸೆಟ್ಟು ಅಗ್ಗವಾದಾಗ, ಪೇಟೆಂಟು ಹಿಡಿದ ಕಂಪನಿಯ ಜೋಸಯ್ಯ ಬೇಕನ್ ಅಮೆರಿಕದ ದಂತವೈದ್ಯರಿಂದ ಪರವಾನಗಿ ಶುಲ್ಕ ವಸೂಲಿ ಮಾಡುತ್ತ, ಕೊಡದವರನ್ನು ಕೋರ್ಟಿಗೆಳೆಯುತ್ತ ತಿರುಗಿದ. 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯನ ಗುಂಡಿಗೆ ಸತ್ತ. ಅಗ್ಗದ ಹಲ್ಲನ್ನು ಆ ಕಾಲದಲ್ಲಿ ಯಾರೂ ಹಗುರವಾಗಿ ಎಣಿಸಿರಲಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ಅರ್ಧ ತಲೆಬಾಗುತ್ತೇನೆ: ಹೋದ ಹಲ್ಲಿಗೆಲ್ಲ ಬದಲಿ ಬೇಕೇ? ಬೇಡ. ಮುಂದಿನ ಹಲ್ಲುಗಳೂ ಅವುಗಳ ಹಿಂದಿನ ಚಿಕ್ಕ ದವಡೆಹಲ್ಲುಗಳೂ ಮೇಲೆ ಕೆಳಗೆ ಸರಿಯಾಗಿ ಕೂಡುತ್ತಿದ್ದರೆ ಅನೇಕರಿಗೆ ಅಷ್ಟೇ ಸಾಕು ಎಂದು ನೆದರ್ಲೆಂಡ್ಸಿನ ಕೈಸರ್ 1981ರಲ್ಲೇ ವಾದಿಸಿದ್ದಾರೆ. ಮುದ್ದೆಯನ್ನು ಅಗಿಯದೆ ನುಂಗುವ ಹಳೆ ಮೈಸೂರಿನವರು ಇದನ್ನು ಅವರಿಗಿಂತ ಮೊದಲೇ ಕಂಡುಕೊಂಡಿದ್ದರು. ಖಡಕ್ ಜೋಳದ ರೊಟ್ಟಿಯ ಕಡೆಯವರು ಒಪ್ಪುವುದು ಅನುಮಾನ. ಎಲ್ಲಿ ಬೇಡ ಎಂದು ತೀರ್ಮಾನಿಸುವುದೂ ನಾನು ಹೇಳುತ್ತಿರುವ ಯೋಚನೆಯ ಭಾಗವೇ ಆದ್ದರಿಂದ ಈ ಸೋಲು ನನಗೆ ಭಾರವಾಗಲಿಲ್ಲ.

ಉಳಿದದ್ದು ಅತಿ ಜನಪ್ರಿಯ ಆಕ್ಷೇಪ: ಕಟ್ಟಿಸಿದವರು ಹಾಕಿಕೊಳ್ಳುವುದೇ ಇಲ್ಲ, ಬೀರುವಿನಲ್ಲಿಡುತ್ತಾರೆ. ನಿಜ. ಆದರೆ ಬೀರು ಸೇರುವುದು ಎಂಥ ಸೆಟ್ಟು? ಅಚ್ಚು ತೆಗೆದು, ಚೀಟಿಯಲ್ಲಿ ಹಲ್ಲಿನ ಬಣ್ಣದ ನಂಬರಷ್ಟೇ ಬರೆದು, ಉಳಿದದ್ದನ್ನೆಲ್ಲ ಲ್ಯಾಬಿನ ಟೆಕ್ನಿಷಿಯನ್ನಿನ ತಲೆಗೆ ಕಟ್ಟಿದ ಸೆಟ್ಟು. ಆತ ಕೈಬೆರಳಿನ ಕಲಾವಿದನೇ ಇರಬಹುದು, ಆದರೆ ರೋಗಿಯ ಮುಖವನ್ನೇ ನೋಡಿದವನಲ್ಲ. ಪ್ಲಾಸ್ಟರ್ ಅಚ್ಚಿನಲ್ಲಿ ಯಾವ ಹಲ್ಲೂ ಅಲುಗುವುದಿಲ್ಲ, ಯಾವ ವಸಡೂ ನೋಯುವುದಿಲ್ಲ. ಹಾಗಾಗಿ ಬಾಯಲ್ಲಿ ನಾಳೆಯೋ ನಾಡಿದ್ದೋ ಎನ್ನುತ್ತಿರುವ ಹಲ್ಲಿಗೇ ಕೊಕ್ಕೆ ಬೀಳುತ್ತದೆ. ಭಾರ ಹೊರಲು ಚಾಚಿಲ್ಲದ ಅಕ್ರಿಲಿಕ್ ಪ್ಲೇಟು ದಿನದಿನಕ್ಕೂ ವಸಡಿನೊಳಗೆ ಇಳಿಯುತ್ತದೆ. ವಸಡು ಸುಲಿಯುವ ಪ್ಲೇಟು ಎಂಬ ಅಡ್ಡಹೆಸರನ್ನು ಅದಕ್ಕೆ ಇಟ್ಟವರು ದಂತವೈದ್ಯರೇ. ದರವೂ ಬಹಳ ಕಡೆ ಹಲ್ಲಿಗಿಷ್ಟು ಎಂದು. ಹೋದ ಹಲ್ಲುಗಳಿಗೆ ತಲಾ ಬೆಲೆಯಿದೆ, ಇರುವವನ್ನು ಕಾಯುವ ಲೆಕ್ಕಾಚಾರಕ್ಕೆ ಬಿಲ್ಲಿನಲ್ಲಿ ಸಾಲೇ ಇಲ್ಲ. ಆದ್ದರಿಂದ ಕಟ್ಟಿಸಿಕೊಳ್ಳುವವರು ಒಟ್ಟು ಎಷ್ಟಾಗುತ್ತದೆ ಎಂದು ಕೇಳುವುದರ ಜೊತೆಗೆ, ಕೊಕ್ಕೆ ಯಾವ ಹಲ್ಲಿಗೆ, ಅದಕ್ಕೇ ಯಾಕೆ ಡಾಕ್ಟ್ರೇ ಎಂದೂ ಕೇಳಬೇಕು. ಕುರ್ಚಿ ಏರುವ ಮೊದಲೇ ಕೇಳುವುದು ಕ್ಷೇಮ. ಅಚ್ಚಿನ ಪೇಸ್ಟು ಬಾಯಿ ತುಂಬಿದ ಮೇಲೆ ಪ್ರಶ್ನೆ ಕೇಳುವ ಹಕ್ಕು ವೈದ್ಯರೊಬ್ಬರದೇ, ಅವರು ಅದನ್ನು ತಪ್ಪದೆ ಚಲಾಯಿಸುತ್ತಾರೆ ಕೂಡ.