ಹಗೇವಿನ ಮುತ್ಯಾ

ಅಫಜಲಪುರ, ಆಳಂದ, ಜೇವರ್ಗಿ, ಈ ಮೂರು ತಾಲೂಕಿನ ಯಾವ ಊರಿಗೆ ಹೋದರೂ ಬಸ್ ನಿಲ್ಲುವ ಕಡೆ ಒಂದು ಕಟ್ಟೆ, ಆ ಕಟ್ಟೆಯ ಮೇಲೊಬ್ಬ ಮುತ್ಯಾ ಇದ್ದೇ ಇರುತ್ತಾನೆ. ಧೋತರ, ತೋಳಿನ ಬನಿಯನ್ನು, ತಲೆಗೆ ರುಮಾಲು, ಕೈಯಲ್ಲಿ ಬಡಿಗೆ. ಆತ ಕುಳಿತಿರುವುದು ಬಸ್ಸಿಗಾಗಿ ಅಲ್ಲ, ಬಸ್ಸಿನಿಂದ ಇಳಿಯುವವರಿಗಾಗಿ. ‘ಯಾರ ಪೈಕಿ ನೀ?’ ಎಂಬುದು ಅವನ ಮೊದಲ ಪ್ರಶ್ನೆ. ಮುಂದೆ ಪ್ರಶ್ನೆಗಳಿಲ್ಲ. ‘ನಮ್ಮ ಕಾಲದಾಗ...’ ಎಂದು ಶುರುವಾಗುವ ಒಂದೇ ಒಂದು ವಾಕ್ಯ, ಅದು ಸಂಜೆಯತನಕ ನಡೆಯುತ್ತದೆ.

ನನ್ನ ಪಾಲಿಗೆ ಬಂದ ಮುತ್ಯಾ ಘತ್ತರಗಿಯವರು. ಅಲ್ಲಿಯ ಭಾಗ್ಯವಂತಿ ನಮ್ಮ ಮನೆದೇವರು. ಅಮಾವಾಸ್ಯೆಗೆ ಹೋಗದಿದ್ದರೆ ಮನೆಯಲ್ಲಿ ಊಟಕ್ಕೆ ಕುಂದ್ರಲು ಧೈರ್ಯ ಬೇಕು. ಗುಡಿಗೆ ಹೋಗುವಾಗ ಜನರ ನಡುವೆ ತಲೆ ತಗ್ಗಿಸಿ ಪಾರಾಗಬಹುದು. ಕಾಯಿ ಒಡೆಸಿಕೊಂಡು, ಕಲಬುರಗಿ ಬಸ್ಸು ಹಿಡಿಯಲು ವಾಪಸು ಬರುವಾಗ ಸಿಕ್ಕಿಬೀಳುತ್ತೇನೆ.

‘ಮುತ್ಯಾ, ಬಸ್ ಎಷ್ಟಕ್ಕದ ರೀ?’ ಎಂದು ಕೇಳಿದರೆ ಅವರು ಬಡಿಗೆಯಿಂದ ಅಗಸಿಯ ಕಡೆ ತೋರಿಸುತ್ತಾರೆ. ‘ಅಲ್ಲಿ ನೋಡು ತಮ್ಮಾ. ಈಗ ಡಾಂಬರ ಹಾಕ್ಯಾರಲ್ಲ, ಅದರ ಬುಡಕ ನಮ್ಮ ಹಗೇವು ಇತ್ತು.’

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮಣ್ಣಿನ ಹೂಜಿಯಂತೆ. ಗಟ್ಟಿ ನೆಲ ನೋಡಿ ತೋಡಿ, ಒಳಗೆ ಸುತ್ತಲೂ ಒಣ ಕಣಕಿ ಇಟ್ಟು, ರಾಶಿ ಮುಗಿದ ಜ್ವಾಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಿದ್ದರು. ಇಲಿಗೆ ಸಿಗದು, ಕಳ್ಳನಿಗೆ ಗೊತ್ತಾಗದು. ಎರಡನೇ ಮಹಾಯುದ್ಧದ ಕಾಲದಲ್ಲಿ ನಿಜಾಮರ ಸರಕಾರ ಲೇವಿ ಎಂದು ಕಾಳು ವಸೂಲಿಗೆ ಬಂದಾಗಲೂ ಮಣ್ಣಿನ ಕೆಳಗಿನದು ಮಣ್ಣಿನ ಕೆಳಗೇ ಉಳಿಯಿತು ಎನ್ನುತ್ತಾರೆ ಮುತ್ಯಾ. ಅಲ್ಲಿಯವರೆಗೂ ಎಲ್ಲ ಸರಿ, ನನಗೂ ಕೇಳಲು ಇಷ್ಟವೇ. ತೊಂದರೆ ಆಳದ್ದು. ಮೊದಲು ಕೇಳಿದಾಗ ಆ ಹಗೇವು ಒಂದಾಳುದ್ದ ಇತ್ತು. ಎಳ್ಳಮಾವಾಸ್ಯೆಗೆ ಎರಡಾಳಾಯಿತು. ಈಗ ಒಬ್ಬರ ಮೇಲೊಬ್ಬರು ನಿಂತರೆ ಮೂವರು ಹಿಡಿಯುತ್ತಾರೆ, ಮೇಲಿನವನ ರುಮಾಲು ಸಹ ಕಾಣುವುದಿಲ್ಲ. ಚೀಲಗಳ ಲೆಕ್ಕವೂ ಅದೇ ವೇಗದಲ್ಲಿ ಏರಿದೆ. ಇಷ್ಟು ಬೆಳೆ ತೆಗೆಯುವ ಹೊಲ ಅವರಿಗೆ ಎಂದೂ ಇರಲಿಲ್ಲ ಎಂದು ಅವರ ಮಗನೇ ನನ್ನ ಕಿವಿಯಲ್ಲಿ ಹೇಳಿದ್ದಾನೆ.

ಕತೆಯ ತುದಿ ಹಗೇವು ತೆಗೆಯುವುದರಲ್ಲಿದೆ. ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯಬಾರದು. ಒಂದು ದಿನ ಬಾಯಿ ತೆರೆದಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಇಳಿಬಿಡಬೇಕು. ದೀಪ ಆರಿತೋ, ಒಳಗೆ ಕೆಟ್ಟ ಗಾಳಿ ಉಳಿದಿದೆ ಎಂದರ್ಥ, ಮತ್ತೆ ಕಾಯಬೇಕು. ಆರದಿದ್ದರೆ ನಡುವಿಗೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯಬೇಕು. ಇದನ್ನು ಹೇಳುವಾಗ ಮುತ್ಯಾ ಎರಡೂ ಕೈಯಿಂದ ಹಗ್ಗ ಬಿಡುತ್ತಾರೆ, ಗೇಣು ಗೇಣಾಗಿ. ಕಣ್ಣು ಕೆಳಗೆ ನೆಟ್ಟಿರುತ್ತದೆ. ನಾನೂ ಬಗ್ಗಿ ನೋಡುತ್ತೇನೆ. ಕೆಳಗೆ ಕಟ್ಟೆಯ ಬಂಡೆ, ಯಾರೋ ಉಗುಳಿದ ಎಲಿಅಡಿಕೆ. ಅಷ್ಟರಲ್ಲಿ ಹಿಂದೆ ಬಸ್ಸು ಬಂದು, ನಿಂತು, ಹೋಗಿರುತ್ತದೆ. ‘ಹೋಗ್ಲಿ ಬಿಡು, ಇನ್ನೊಂದು ಬರ್ತದ’ ಎನ್ನುತ್ತಾರೆ ಮುತ್ಯಾ. ಕಂದೀಲು ಇನ್ನೂ ಅರ್ಧಕ್ಕಿಳಿದಿದೆ.

ವಯಸ್ಸಿನ ವಿಷಯದಲ್ಲೂ ಅವರು ಉದಾರಿ. ಆಧಾರ್ ಕಾರ್ಡಿನ ಪ್ರಕಾರ ಹುಟ್ಟಿದ್ದು 1946ರ ಜನವರಿ 1; ನಮ್ಮ ಕಡೆಯ ಹಿರಿಯರ ಪೈಕಿ ಅರ್ಧ ಮಂದಿ ಹುಟ್ಟಿದ್ದು ಜನವರಿ ಒಂದಕ್ಕೇ. ಆದರೆ ರಜಾಕಾರರು ಬಂದಾಗ ಎತ್ತುಗಳನ್ನು ಹೊಳಿ ದಂಡಿಯ ಜಾಲಿಯೊಳಗೆ ಬಚ್ಚಿಟ್ಟವರು ತಾವೇ ಎನ್ನುತ್ತಾರೆ. ರಜಾಕಾರರ ಹಾವಳಿ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಎರಡು ವರ್ಷದ ಕೂಸು ಎತ್ತು ಹೊಡೆದುಕೊಂಡು ಹೋದದ್ದು ಹೇಗೆ ಎಂದು ಕೇಳಿದೆ. ‘ಆಗಿನ ಕೂಸುಗಳ ತಾಕತ್ತೇ ಬ್ಯಾರಿ!’ ಎಂದರು.

ಉಳಿದದ್ದೆಲ್ಲ ಎಲ್ಲ ಮುತ್ಯಾಗಳಿಗೂ ಇರುವುದೇ. ಆಗಿನ ಹಸ್ತ, ಚಿತ್ತಿ ಮಳೆಗಳು ಹೇಳಿದ ದಿನಕ್ಕೆ ಬರುತ್ತಿದ್ದವು. ಆಗಿನ ಹೆಣ್ಣುಮಕ್ಕಳು ಎದುರು ಮಾತಾಡುತ್ತಿರಲಿಲ್ಲ. ಟ್ರ್ಯಾಕ್ಟರು ಭೂತಾಯಿಯ ಬೆನ್ನು ಮುರಿಯಿತು. ಅದನ್ನು ಹೇಳುತ್ತಲೇ ಮಗನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತು ಹೊಲಕ್ಕೆ ಹೋಗುತ್ತಾರೆ. ರಾಶಿ ಮಷಿನ್ ಎಂದರೆ ಆಗದು. ಬೆಳದಿಂಗಳ ರಾತ್ರಿ ಕಣದ ನಡುವೆ ಮೇಟಿ ನೆಟ್ಟು ಹಂತಿ ಹೊಡೆದು ಹಾಡಿದ ಜ್ವಾಳಕ್ಕೂ, ಒಂದು ತಾಸಿನಲ್ಲಿ ಮಷಿನ್ ಉಗುಳಿದ ಜ್ವಾಳಕ್ಕೂ ರುಚಿಯೇ ಬೇರೆಯಂತೆ. 2020ರ ಅಕ್ಟೋಬರಿನಲ್ಲಿ ಊರ ಹೊಳಿ ಭೀಮೆ ಸೊಕ್ಕಿ ಬಂದು ಸೇತುವೆ ಮುಳುಗಿ, ದಂಡೆಯ ಊರುಗಳ ಜನ ಕಾಳಜಿ ಕೇಂದ್ರಗಳಲ್ಲಿ ಮಲಗಿದ್ದರು. ಮುತ್ಯಾ ಅದನ್ನೂ ಒಪ್ಪಲಿಲ್ಲ. ‘ಇದೇನು ಹೊಳಿ? ನಮ್ಮ ಕಾಲದಾಗ ಬಂದಿತ್ತು ನೋಡು ಹೊಳಿ!’

ಒಮ್ಮೆ ಮನೆಗೆ ಕರೆದೊಯ್ದು ಅಂಗೈಗೆ ನಾಲ್ಕು ಕಾಳು ಹಾಕಿ, ‘ಕಡಿ, ಯಾವ ಜ್ವಾಳ ಹೇಳು’ ಎಂದರು. ನಾನು ಕಲಬುರಗಿ ಅಂಗಡಿಯಲ್ಲಿ ಹಿಟ್ಟನ್ನೇ ಪ್ಯಾಕೆಟ್ಟಿನಲ್ಲಿ ಕೊಳ್ಳುವವನು. ಮೇಲಾಗಿ ಬಲದವಡೆಯ ಹಲ್ಲಿಗೆ ದುಡ್ಡು ಕೊಟ್ಟು ಟೋಪಿ ಹಾಕಿಸಿಕೊಂಡಿದ್ದೇನೆ. ಎಡಗಡೆ ಇಟ್ಟು ಕಡಿದೆ, ಕಟ್ ಎಂದಿತು. ‘ಬಿಳಿ ಜ್ವಾಳ’ ಎಂದೆ. ‘ಬಿಳಿ ಅಂತ ಕಣ್ಣಿಗೇ ಕಾಣ್ತದಲ್ಲೋ’ ಎಂದು ನಕ್ಕವರು ಮುತ್ಯಾ ಅಲ್ಲ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ, ಆಯಿ.

ಮುತ್ಯಾ ಅದೇ ಹುರುಪಿನಲ್ಲಿ ಅಂದಿನ ರೊಟ್ಟಿಯ ಕತೆ ತೆಗೆದರು. ಹಗೇವಿನ ಜ್ವಾಳದ ರೊಟ್ಟಿಗೊಂದು ವಾಸನೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಮಜ್ಜಿಗಿ. ಆಯಿ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದರು. ‘ನಿಮ್ಮ ಕಾಲ ನಿಮಗ ಚಂದಿತ್ತು. ಬೀಸೋದು ನನಗಿತ್ತು.’ ಕೋಳಿ ಕೂಗುವ ಮೊದಲೇ ಎದ್ದು ಬೀಸುವಕಲ್ಲಿನ ಗೂಟ ಹಿಡಿಯಬೇಕು, ಹೊಳಿಯಿಂದ ಕೊಡ ಹೊರಬೇಕು, ಹೊಲದವರಿಗೆ ಬುತ್ತಿ ಕಟ್ಟಬೇಕು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಗಿರಣಿ ಹಿಟ್ಟು ಸಪ್ಪೆ ಎಂದು ಮುತ್ಯಾ ತಿಂಗಳುಗಟ್ಟಲೆ ಮುಖ ಸೊಟ್ಟ ಮಾಡಿದ್ದರಂತೆ. ಆಯಿ ಅಂಗೈ ಚಾಚಿ ತೋರಿಸಿದರು. ಬೆರಳಿನ ಬುಡದಲ್ಲಿ ಗೂಟ ಎಬ್ಬಿಸಿದ ಗಂಟುಗಳು ಇನ್ನೂ ಇವೆ.

‘ಆ ಕೆಂಪು ಜ್ವಾಳದ ಸುದ್ದಿ ಹೇಳ್ರಿ ಅವನಿಗೆ’ ಎಂದರು ಆಯಿ. ಮುತ್ಯಾ ಬಡಿಗೆ ಹುಡುಕತೊಡಗಿದರು.

ಅದು ಎಪ್ಪತ್ತೆರಡರ ಬರ. ಮಳೆ ಕೈಕೊಟ್ಟಿತು, ಕೂರಿಗೆ ಮೂಲೆ ಸೇರಿತು, ಎತ್ತುಗಳು ಸಿಕ್ಕಿದ ರೇಟಿಗೆ ಸಂತೆಗೆ ಹೋದವು. ಹಗೇವಿನ ಕಲ್ಲು ಸರಿಸಿದರೆ ಒಳಗೆ ಕಣಕಿ ಮಾತ್ರ. ಗಂಡ ಹೆಂಡತಿ ಇಬ್ಬರೂ ಸರಕಾರದ ಬರಗಾಲದ ಕೆಲಸಕ್ಕೆ ಹೋಗಿ ರಸ್ತೆಗೆ ಕಲ್ಲು ಒಡೆದರು. ರೇಶನ್ನಿನಲ್ಲಿ ಅಮೆರಿಕದ ಕೆಂಪು ಜ್ವಾಳ ಕೊಡುತ್ತಿದ್ದರು. ಅಲ್ಲಿಯವರು ಅದನ್ನು ಹೆಚ್ಚಾಗಿ ದನಕ್ಕೂ ಹಂದಿಗೂ ಬೆಳೆಯುತ್ತಿದ್ದರು. ಹಿಟ್ಟು ಜಿಗಿ ಹಿಡಿಯದು, ಬಡಿದರೆ ಹರಿಯುವುದು. ‘ಉಂಡ್ವಿ. ಕೂಸುಗಳು ಉಳಿದ್ವು’ ಎಂದರು ಆಯಿ, ಮತ್ತೊಂದು ಉಂಡೆ ತೆಗೆದುಕೊಂಡರು.

ಅಮೆರಿಕದಲ್ಲಿ ಜ್ವಾಳ ಬೆಳೆಯುವ ಕ್ಯಾನ್ಸಸ್ಸಿನ ಬಯಲಿನಲ್ಲೂ ಒಬ್ಬ ಮುತ್ಯಾ ಯಾವುದೋ ಕಟ್ಟೆಯ ಮೇಲೆ ಕುಳಿತು, ನಮ್ಮ ಕಾಲದಲ್ಲಿ ಜ್ವಾಳ ಹೀಗಿತ್ತು ಎಂದು ಮೊಮ್ಮಕ್ಕಳ ತಲೆ ತಿನ್ನುತ್ತಿರಬಹುದು. ಅದನ್ನು ಘತ್ತರಗಿಯವರು ಉಂಡರೆಂಬುದು ಅವನಿಗೆ ಗೊತ್ತಿರಲಾರದು.

ಆ ಖಾಲಿ ಹಗೇವು ಹೊಕ್ಕು ಬಂದವರು ಅದನ್ನು ವರ್ಷ ವರ್ಷ ಆಳ ಮಾಡುತ್ತಿದ್ದರೆ ನನಗೇಕೆ ಸಿಟ್ಟು ಬರಬೇಕು ಎಂದು ಅವತ್ತು ಅನ್ನಿಸಿತ್ತು. ಮುಂದಿನ ಅಮಾವಾಸ್ಯೆಗೆ ಬಸ್ಸು ತಪ್ಪಿದಾಗ ಸಿಟ್ಟು ಬಂದೇ ಬಂತು. ಈಗ ಅಗಸಿಯ ಹಗೇವಿನ ಮೇಲೆ ಡಾಂಬರಿದೆ, ಹೊಳಿ ದಂಡಿಯ ಜ್ವಾಳದ ಹೊಲಗಳಲ್ಲಿ ಕಬ್ಬಿದೆ, ಮೇಲಿನ ಹೊಲಗಳಲ್ಲಿ ತೊಗರಿ. ಕಂದೀಲು ಇಳಿಬಿಟ್ಟು ನೋಡಿದವರು ಊರಲ್ಲಿ ಕೈಬೆರಳಿನಷ್ಟೂ ಉಳಿದಿಲ್ಲ.

ಘತ್ತರಗಿಗೆ ಹೋಗುವವರಿಗೆ ಒಂದು ಮಾತು. ಬಸ್ಸಿನ ವೇಳೆಯನ್ನು ಕಂಡಕ್ಟರನ್ನು ಕೇಳಿ. ಹಗೇವು ಹೇಗೆ ತೋಡುತ್ತಾರೆ ಎಂಬುದನ್ನು ಮುತ್ಯಾನನ್ನು ಕೇಳಿ. ಆಳ ಎಷ್ಟಿತ್ತು ಎಂದು ಮಾತ್ರ ಕೇಳಬೇಡಿ. ಬರಗಾಲದ ಸುದ್ದಿ ಬೇಕಿದ್ದರೆ ಮನೆಯೊಳಗೆ ಹೋಗಿ ಆಯಿಯನ್ನು ಕೇಳಿ. ಅವರು ಎರಡು ರೊಟ್ಟಿ ಬಡಿಯುವುದರೊಳಗೆ ಹೇಳಿ ಮುಗಿಸುತ್ತಾರೆ, ಬಸ್ಸೂ ಸಿಗುತ್ತದೆ.